ಒಂದೇ ಮನೆಗೆ ಇಬ್ಬರು ದಾನಮ್ಮ

ಏಪ್ರಿಲ್ 2, ಬುಧವಾರ

ಎಂದಿನಂತೆ ಜಕ್ಕಪ್ಪ ಕಾಕಾರ ನೂಲಿನ ಅಂಗಡಿಯಲ್ಲಿ ಲೆಕ್ಕದ ಕೆಲಸ. ಬಿಲ್, ಜಿಎಸ್‌ಟಿ, ಮತ್ತೆ ಬಿಲ್. ಎರಡು ಸಲ ಕರೆಂಟ್ ಹೋಯಿತು. ಕರೆಂಟ್ ಹೋದರೆ ಬನಹಟ್ಟಿಯ ಮಗ್ಗಗಳೆಲ್ಲ ಒಮ್ಮೆಗೇ ಸುಮ್ಮನಾಗುತ್ತವೆ. ಆಗ ಕಾಕಾ ಫೋನಿನಲ್ಲಿ ಯಾರನ್ನು ಬೈಯುತ್ತಿದ್ದಾರೆ ಎಂದು ಇಡೀ ಓಣಿಗೆ ಗೊತ್ತಾಗುತ್ತದೆ. ಇವತ್ತೂ ಗೊತ್ತಾಯಿತು.

ನಿನ್ನೆ ಮುಧೋಳದವರು ಬಂದು ನನ್ನ ಮದುವೆಯ ಮಾತು ಮುಗಿಸಿ ಹೋದರು. ಹುಡುಗ ಚಿದಾನಂದ. ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ಅವನ ಅಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಹುಡುಗನಿಗೆ ಮಾತು ಕಡಿಮೆ, ನಗು ಛಲೋ. ಮದುವೆ ಮೇ 11ಕ್ಕೆ. ಸಕ್ಕರೆ ಹಂಚುವಾಗ ಅವನ ತಾಯಿ ಅಂದರು:

"ಒಂದ ಮಾತು ಉಳೀತ್ರಿ. ಹುಡುಗಿ ಹೆಸರೂ ದಾನಮ್ಮ, ನಂದೂ ದಾನಮ್ಮ. ನಾಳೆ ಸೊಸಿ ತಪ್ಪ ಮಾಡಿದ್ರ ನನ್ನ ಹೆಸರ ಹಿಡದು ನಾನ ಬೈಕೋಬೇಕಾಕ್ಕೈತಿ. ನನ್ನ ಮಗ ಹೆಂಡ್ತಿನ್ನ ಕರೀಬೇಕಂದ್ರ ಅವ್ವನ ಹೆಸರ ತಗೋಬೇಕಾಕ್ಕೈತಿ. ಹೆಸರ ಬದಲ ಮಾಡೂಣು. ಯಾವುದು ಅಂತ ಹುಡುಗೀನ ಆರಿಸ್ಲಿ."

ಎಲ್ಲರೂ ನಕ್ಕರು. ಬಯೋಡಾಟಾದಲ್ಲಿ ಎರಡೂ ಹೆಸರು ಇದ್ದವು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಮದುವೆ ಮುಗಿಸಿ ಮನೆ ತುಂಬಿಸಿಕೊಂಡ ಮೇಲೆ ಗಂಡನ ಕೈಯಿಂದ ಅಕ್ಕಿಯ ಮೇಲೆ ಉಂಗುರದಿಂದ ಸೊಸೆಯ ಹೊಸ ಹೆಸರು ಬರೆಸುವುದು ಅವರ ಮನೆಯ ಪದ್ಧತಿಯಂತೆ. ಆಧಾರ್ ಕಾರ್ಡಿನಲ್ಲಿ ಹಳೆಯದು ಇದ್ದರೆ ಇರಲಿ, ಮನೆಯಲ್ಲಿ ಹೊಸದು. ಅಪ್ಪ "ಛಲೋ ಆತು ಬಿಡ್ರಿ" ಎಂದ. ಅವ್ವ ಚಹಾ ನೋಡುತ್ತೇನೆಂದು ಒಳಗೆ ಹೋದಳು.

ನನಗೆ ಖುಷಿಯಾಗಿದೆ. ಬರೆಯಲು ನಾಚಿಕೆ ಯಾಕೆ, ಯಾರು ಓದುತ್ತಾರೆ ಇದನ್ನ. ಜಮಖಂಡಿ ಕಾಲೇಜಿನಲ್ಲಿ ಮೂವರು ಐಶ್ವರ್ಯ, ಇಬ್ಬರು ಅಕ್ಷತಾ, ಒಬ್ಬಳೇ ನಾನು. ಹೊಸ ಸರ್ ಹಾಜರಿ ಕರೆಯುವಾಗ ನನ್ನ ಹೆಸರಿಗೆ ತಲೆ ಎತ್ತುತ್ತಿದ್ದರು — ಯಾರದೋ ಅಜ್ಜಿ ಬಂದು ಕೂತಿದ್ದಾಳೇನೋ ಎಂದು. ಈಗ ಹೆಸರು ಆರಿಸಿಕೋ ಎನ್ನುತ್ತಿದ್ದಾರೆ. ಸೀರೆ ಆರಿಸಿಕೋ ಎಂದಷ್ಟೇ ಸಲೀಸಾಗಿ.

ಏಪ್ರಿಲ್ 4

ಚಿಮ್ಮಡದಿಂದ ಕಾಲೇಜಿನ ಗೆಳತಿ ಅಕ್ಷತಾ ಬಂದಿದ್ದಳು. ಇಬ್ಬರೂ ಮಾಳಿಗೆ ಹತ್ತಿ ಕೂತು ಫೋನಿನಲ್ಲಿ ಹೆಸರು ಹುಡುಕಿದೆವು. ತನ್ವಿ ಎಂದರೆ ತೆಳ್ಳಗಿನವಳು. ಅಕ್ಷತಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬ್ಯಾಡ ಬಿಡ, ಮಂದಿ ನಗತಾರ" ಎಂದಳು. ಇಂಚರ ಎಂದರೆ ಇಂಪಾದ ದನಿ. ಅದೂ ಬೇಡ. ಉಳಿದವೆಲ್ಲ ಬೆಳದಿಂಗಳು, ಹೂವು, ಕಿರಣ. ಸುಮ್ಮನೆ ಚಂದ ಕಾಣುವ ಹೆಸರುಗಳು, ಒಂದಕ್ಕೂ ಕೆಲಸವಿಲ್ಲ.

ಅಕ್ಷತಾ ತನ್ನದನ್ನೂ ನೋಡಿಕೊಂಡಳು. ಮುರಿಯದೆ ಇಡಿಯಾಗಿ ಇರುವುದು. "ಅಂದ್ರ ಅಕ್ಕಿಕಾಳ ನಾ" ಎಂದು ಸಪ್ಪೆ ಮುಖ ಮಾಡಿದಳು.

ದಾನಮ್ಮ ಎಂದು ಹೊಡೆದರೆ 'ಕೊಡುವವಳು' ಎಂದಿಷ್ಟೇ ಬಂತು. ಮಿಕ್ಕಿದ್ದಕ್ಕೆ ಫೋನ್ ಬೇಕಿಲ್ಲ. ಗುಡ್ಡಾಪುರದ ಗುಡಿಯ ತಾಯಿ ದಾನಮ್ಮನಿಗೆ ಹುಟ್ಟಿದಾಗಿನ ಹೆಸರು ಲಿಂಗಮ್ಮ ಅಂತೆ. ಬಂದವರಿಗೆ ಇಲ್ಲ ಎನ್ನದೆ ಕೊಟ್ಟು ಕೊಟ್ಟು ದಾನಮ್ಮ ಆದಳು. ನಮ್ಮ ಕಡೆ ಮನೆಗೊಬ್ಬಳು ದಾನಮ್ಮ ಇರುವುದು ಅವಳಿಂದಲೇ. ಅಂದರೆ ಅವಳೂ ಹೆಸರು ಬದಲಾದವಳು. ಹಾಗಿದ್ದ ಮೇಲೆ ನನ್ನದೇನು ತಪ್ಪು...

ಕೊನೆಗೆ ಶ್ರೇಯಾ. ಒಳ್ಳೆಯದು, ಶುಭ ಎಂದು ಅರ್ಥ. ಯಾರಿಗೂ ನಷ್ಟವಿಲ್ಲ.

ಏಪ್ರಿಲ್ 5

ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದಳು.

"ಯವ್ವಾ, ಶ್ರೇಯಾ ಹೆಂಗ ಐತಿ?"

"ಯಾರು ಅಕಿ?"

"ನಾ."

ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದರೂ ತೆಗೆಯಲಿಲ್ಲ. ಆಮೇಲೆ ಶುರುವಾಯಿತು. ಮದುವೆಯಾಗಿ ಏಳು ವರ್ಷ ಅವಳಿಗೆ ಮಕ್ಕಳಿರಲಿಲ್ಲ. ಗುಡ್ಡಾಪುರಕ್ಕೆ ನಡೆದು ಹೋಗಿ ಬೇಡಿಕೊಂಡಳು: ಹೆಣ್ಣು ಕೊಡು, ನಿನ್ನ ಹೆಸರಿಡುತ್ತೇನೆ. ಮರುವರ್ಷ ನಾನು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಚಿಕ್ಕಂದಿನಿಂದ ಕೇಳಿ ಕೇಳಿ ಕಿವಿ ತೂತು ಬಿದ್ದಿದೆ.

"ನಿನ್ನ ಹೆಸರ ನಾ ಹುಡುಕಿ ಇಟ್ಟಿದ್ದಲ್ಲ. ಬೇಡಿ ತಂದದ್ದು. ಅದನ್ನ ಬಿಡು ಅನ್ನಾಕ ಅವರ‍್ಯಾರು? ಹೆಸರ ಬದಲ ಮಾಡೂದಾದ್ರ ಆ ಮನೀನ ಬ್ಯಾಡ."

ಅಪ್ಪ ಮಗ್ಗದ ಕೋಣೆಯಿಂದ ಎದ್ದು ಬಂದ. "ಹೆಸರಿನ ಸಲುವಾಗಿ ಇಂಥ ಮನಿ ಬಿಡ್ತಾರೇನ? ಹುಚ್ಚ ಹಿಡದೈತೇನ ನಿನಗ?"

ನನಗೂ ಸಿಟ್ಟು ಬಂತು. "ಇಷ್ಟ ವರ್ಷ ಈ ಹೆಸರ ಹೊತ್ತಾಕಿ ನಾ" ಎಂದೆ.

"ಹೆತ್ತಾಕಿ ನಾ" ಎಂದಳು. ಮಧ್ಯಾಹ್ನ ಉಣ್ಣಲಿಲ್ಲ. ನಾನೂ ಉಣ್ಣಲಿಲ್ಲ. ಅಪ್ಪ ಒಬ್ಬನೇ ಸೀದ ರೊಟ್ಟಿ ತಿಂದು ಎದ್ದ.

ಏಪ್ರಿಲ್ 9, ಸಂಜೆ

ಚಿದಾನಂದ ಫೋನ್ ಮಾಡಿದ್ದರು. ಮಾತಾಡಲು ಶುರು ಮಾಡಿ ವಾರವಾಯಿತು, ಇನ್ನೂ ಒಂದು ಸಲವೂ ನನ್ನ ಹೆಸರು ಹಿಡಿದಿಲ್ಲ. "ಹಲೋ" ಎನ್ನುತ್ತಾರೆ. ನಡುವೆ ಕರೆಯಬೇಕಾದರೂ "ಹಲೋ".

"ನನ್ನ ನಂಬರ್ ಏನಂತ ಸೇವ್ ಮಾಡೀರಿ?"

"ಬನಹಟ್ಟಿ."

"ನಾ ಊರೇನ್ರಿ?"

"ಅವ್ವ ನನ್ನ ಫೋನ್ ನೋಡ್ತಾಳ. ದಾನಮ್ಮ ಅಂತ ಇನ್ನೊಂದ ನಂಬರ್ ಹೆಂಗ ಇಡ್ಲಿ?"

ನಕ್ಕು ನಕ್ಕು ಹೊಟ್ಟೆ ನೋವಾಯಿತು. ಆಮೇಲೆ ಶ್ರೇಯಾ ಎಂದು ಆರಿಸಿದ್ದು ಹೇಳಿದೆ. ಕರೆದು ನೋಡ್ರಿ ಎಂದೆ. "ಶ್ರೇಯಾ" ಎಂದರು, ಮೆಲ್ಲಗೆ. ನಾನು ಸುಮ್ಮನೆ ಇದ್ದೆ. ಬೇಕಂತಲೇ ಅಲ್ಲ. ಅವರ ಹಿಂದೆ ಯಾರೋ ಬಂದಿರಬೇಕು, ಅವಳನ್ನು ಕರೆಯುತ್ತಿದ್ದಾರೆ ಎಂದುಕೊಂಡೆ.

"ಕೇಳಸ್ತಿಲ್ಲೋ?"

"ಕೇಳಸ್ತ್ರಿ" ಎಂದೆ.

ಏಪ್ರಿಲ್ 21

ಬರೆಯದೆ ಬಹಳ ದಿನವಾಯಿತು. ಸೀರೆ, ಬಂಗಾರ, ಬಿಸಿಲು. ಅವ್ವ ಹೆಸರಿನ ಮಾತು ಎತ್ತಿಲ್ಲ, ನಾನೂ ಎತ್ತಿಲ್ಲ. ಎಲ್ಲ ತಣ್ಣಗಾಯಿತು ಎಂದುಕೊಂಡಿದ್ದೆ.

ಇವತ್ತು ತಲೆ ಕೆಟ್ಟು ಮೊಸರು ಗಡಿಗೆ ಆಗಿದೆ.

ಲಗ್ನಪತ್ರಿಕೆ ಅಚ್ಚಾಗಿ ಬಂದು ಮೂರು ದಿನ. ಅರ್ಧ ಹಂಚಿಯೂ ಆಗಿದೆ, ಜಮಖಂಡಿಯಿಂದ ಬೀಳಗಿವರೆಗೆ. ಇವತ್ತು ಅಕ್ಷತಾ ಓದುತ್ತ ಕೂತವಳು, "ನಿಮ್ಮ ಅತ್ತಿ ಹೆಸರ ಎಲ್ಲೆ?" ಎಂದಳು. ಇಲ್ಲ. 'ಮುಧೋಳದ ಶ್ರೀ ಈಶ್ವರಪ್ಪ ಇವರ ಸುಪುತ್ರ' ಎಂದು ಇದೆ. ತಾಯಿಯೇ ಇಲ್ಲ.

ಅಪ್ಪ ಪ್ರೆಸ್ಸಿಗೆ ಓಡಿದ. ಅಲ್ಲಿಯವನು ಹೇಳಿದ್ದು: "ದಾನಮ್ಮ ಅಂತ ಎರಡ ಕಡಿ ಬಂದಿತ್ತರಿ. ಹುಡುಗಿ ಹೆಸರ ತಪ್ಪಿ ಮ್ಯಾಲೂ ಬಿದ್ದೈತಿ ಅಂತ ತಿಳದು ತಗದೇನ್ರಿ. ನಿಮಗ ವಾಟ್ಸಪ್ ಹಾಕಿದ್ದೆ, ಓಕೆ ಅಂದ್ರಿ." ಅಪ್ಪ ಚಷ್ಮಾ ಇಲ್ಲದೆ ಓಕೆ ಅಂದಿದ್ದಾನೆ. ಪ್ರೆಸ್ಸಿನವನು ಉಪಕಾರ ಮಾಡಲು ಹೋಗಿ ಒಬ್ಬ ಹೆಣ್ಣುಮಗಳನ್ನೇ ಅಳಿಸಿ ಹಾಕಿದ್ದಾನೆ ಪುಣ್ಯಾತ್ಮ.

ಏಪ್ರಿಲ್ 23

ಮುಧೋಳದವರು ಬಂದರು. ಗಂಡ ಹೆಂಡತಿ ಇಬ್ಬರೇ. ಅವರು ಕೂಗಾಡಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಚಿದಾನಂದರ ತಾಯಿ ಪತ್ರಿಕೆಯನ್ನು ಅವ್ವನ ಮುಂದೆ ಇಟ್ಟರು.

"ನನ್ನ ಮಗನ ಮದುವಿ ಪತ್ರಿಕ್ಯಾಗ ನಾ ಇಲ್ಲ. ನೋಡಿದವರು ಕೇಳಾಕತ್ತಾರ, ತಾಯಿ ಯಾವಾಗ ಹ್ವಾದ್ಲು ಅಂತ."

ಅಪ್ಪ ಕೈ ಮುಗಿದ. "ಪ್ರೆಸ್ಸಿನವಂದು ತಪ್ಪಾಗೈತ್ರಿ."

"ಅವಂದೇನ ತಪ್ಪರಿ? ಒಂದ ಕಡಿ ಎರಡ ದಾನಮ್ಮ ಇದ್ದರ ಒಂದ ಅಳಿಸೇ ಹೋಗತೈತಿ. ಪತ್ರಿಕ್ಯಾಗ ಆಗಿದ್ದು ಮನ್ಯಾಗೂ ಆಕ್ಕೈತಿ. ಮೊದಲ ನಗಕೋಂತ ಕೇಳಿದ್ದೆ. ಈಗ ನಗಾಕತ್ತಿಲ್ಲ. ಹೆಸರ ಬದಲ ಮಾಡ್ತೀವಿ ಅಂದ್ರ ಮದುವಿ. ಬಸವ ಜಯಂತಿ ತನಕಾ ಹೇಳ್ರಿ."

"ಬಸವ ಜಯಂತಿ ತನಕಾ ಯಾಕ್ರಿ" ಎಂದಳು ಅವ್ವ, "ಈಗ ಹೇಳ್ತೀನಿ. ಇಲ್ಲ."

ಅಪ್ಪ "ಅಕಿ ಮಾತ ಹಿಡೀಬ್ಯಾಡ್ರಿ" ಎನ್ನುತ್ತ ಅವರ ಹಿಂದೆ ಕಾರಿನವರೆಗೆ ಹೋದ.

ನಾನು ಬಾಗಿಲಲ್ಲಿ ನಿಂತಿದ್ದೆ. ಶ್ರೇಯಾ ಎಂದು ಆರಿಸಿ ಆಗಿದೆ, ನನಗೆ ಒಪ್ಪಿಗೆಯಿದೆ ಎಂದು ಒಂದು ಮಾತು ಹೇಳಿದ್ದರೆ ಎಲ್ಲ ಸರಿಯಾಗುತ್ತಿತ್ತು. ಹೇಳಲಿಲ್ಲ. ನನಗೆ ಚಿದಾನಂದ ಬೇಕು. ಅವ್ವನ ಮುಖ ನೋಡಿದರೆ ಆ ಮಾತು ಆಡಲಾಗುವುದಿಲ್ಲ.

ಏಪ್ರಿಲ್ 24, ಮಧ್ಯಾಹ್ನ

ಉಳಿದ ಪತ್ರಿಕೆಗಳಲ್ಲಿ ಪೆನ್ನಿನಿಂದ ಬರೆದುಬಿಡೋಣ ಎಂದ ಅಪ್ಪ. ಮದುವೆ ನಿಲ್ಲಲಿ ಬಿಡಲಿ, ತಪ್ಪು ತಪ್ಪೇ. ನನ್ನ ಅಕ್ಷರ ದುಂಡಗಿದೆಯೆಂದು ಆ ಕೆಲಸ ನನಗೆ. ಅವ್ವ ಒಂದೊಂದೇ ಬಿಚ್ಚಿ ಕೊಟ್ಟಳು, ನಾನು ಈಶ್ವರಪ್ಪನವರ ಹೆಸರಿನ ಹಿಂದೆ ಸಂದಿಯಲ್ಲಿ 'ಶ್ರೀಮತಿ ದಾನಮ್ಮ' ಎಂದು ಸೇರಿಸಿದೆ.

ನನ್ನ ಹೆಸರನ್ನು ಇನ್ನೊಬ್ಬರದು ಎಂದು ಬರೆಯುವುದು ಒಂದು ಥರಾ ಇರುತ್ತದೆ. ಮೊದಮೊದಲು ಕೈ ತಾನೇ ಸಹಿಯ ಹಾಗೆ ಗೀಚಿಬಿಡುತ್ತಿತ್ತು. ಆಮೇಲೆ ನಿಧಾನಕ್ಕೆ ಬರೆದೆ.

ಓಣಿಯಿಂದ ಯಲ್ಲವ್ವ ಕೂಗಿದಳು, "ದಾನಮ್ಮನವ್ವಾ, ಹಪ್ಪಳ ಒಣಗ್ಯಾವು, ತಗೀತಿಯೋ?" ಅವ್ವ "ಬಂದೆ" ಎಂದು ಎದ್ದು ಹೋದಳು.

ಪೆನ್ನು ಹಿಡಿದು ಹಾಗೇ ಕೂತೆ. ಅವ್ವನ ಹೆಸರು ಗುರುಬಸವ್ವ. ಯಾರು ಹಾಗೆ ಕರೆಯುತ್ತಾರೆ? ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ. ಓಣಿಗೆಲ್ಲ ಅವಳು ದಾನಮ್ಮನವ್ವ. ಅಪ್ಪ ಕೂಡ ಕಿರಾಣಿ ಅಂಗಡಿಯಲ್ಲಿ "ದಾನಮ್ಮನವ್ವ ಹೇಳ್ಯಾಳ" ಎನ್ನುತ್ತಾನೆ.

ತಿರುಗಿ ಬಂದಾಗ ಕೇಳಿದೆ. "ನಾ ಹುಟ್ಟೂಕ್ಕಿಂತ ಮೊದಲ ನಿನ್ನ ಏನಂತ ಕರೀತಿದ್ರ ಯವ್ವಾ?"

"ಏನ ಕರೀತಾರ? ಬಸರಿ ಕುಬಸಕ್ಕ ಕರೀತಿರಲಿಲ್ಲ, ತೊಟ್ಟಲಕ್ಕ ಕರೀತಿರಲಿಲ್ಲ. ಕರದ್ರ ಕೂಸಿಗೆ ದೃಷ್ಟಿ ಆಕ್ಕೈತಿ ಅಂತ. ಇದ ಯಲ್ಲವ್ವ ತನ್ನ ಮಗನ ಹೆಸರಿಡೂ ದಿನ ನನ್ನ ಕಂಡು ಬಾಗಲಾ ಮುಂದ ಮಾಡಿದ್ಲು."

ಹೇಳಿ ಮುಂದಿನ ಪತ್ರಿಕೆ ಬಿಚ್ಚಿ ಕೊಟ್ಟಳು. ಸಿಟ್ಟಿನಿಂದ ಹೇಳಲಿಲ್ಲ, ಹಪ್ಪಳ ತೆಗೆದಿಟ್ಟು ಬಂದೆ ಎಂದಷ್ಟೇ ಸಾದಾ ಹೇಳಿದಳು. ನನಗೆ ಅಳು ಬಂತು. ಶಾಯಿ ಹರಡಬಾರದೆಂದು ಪತ್ರಿಕೆ ಸರಿಸಿ ಅತ್ತೆ.

ಏಪ್ರಿಲ್ 27, ಭಾನುವಾರ

ಗಲಗಲಿಗೆ ಹೋಗಿ ಬಂದೆವು. ಚಿದಾನಂದರ ತಾಯಿಯ ತವರು ಅದು. ಅಲ್ಲಿ ಅವರ ಅಜ್ಜಿ ಭಾಗವ್ವ ಹಾಸಿಗೆ ಹಿಡಿದಿದ್ದಾಳೆ, ಮದುವೆಗೆ ಬರಲಾರಳು. ಹುಡುಗಿಯನ್ನು ಒಮ್ಮೆ ತೋರಿಸಿ ಎಂದು ಮುಂಚೆಯೇ ಹೇಳಿ ಕಳಿಸಿದ್ದಳು. ಈಗ ಹೋಗುವುದೋ ಬಿಡುವುದೋ ಎಂದು ಅಪ್ಪ ಒದ್ದಾಡುತ್ತಿದ್ದ. ಚಿದಾನಂದ ಫೋನ್ ಮಾಡಿ, "ಮುದಕಿಗೆ ಇದ್ಯಾವುದೂ ಗೊತ್ತಿಲ್ರಿ, ಕರಕೊಂಡ ಬರ‍್ರಿ" ಎಂದರಂತೆ. ಅಪ್ಪ, ನಾನು ಜಮಖಂಡಿವರೆಗೆ ಬಸ್ಸಿನಲ್ಲಿ, ಅಲ್ಲಿಂದ ಅವರ ಕಾರು. ಪೆನ್ನಿನಿಂದ ತಿದ್ದಿದ ಪತ್ರಿಕೆಗಳನ್ನೂ ತಂದಿದ್ದೆವು. ಚಿದಾನಂದರ ತಾಯಿ ಒಂದನ್ನು ತೆಗೆದು ನೋಡಿದರು, "ಯಾರ ಅಕ್ಷರ?" ಎಂದರು. ನಂದು ಎಂದೆ.

ಭಾಗವ್ವಜ್ಜಿಗೆ ಕಣ್ಣು ಮಂಜು, ದನಿ ಮಾತ್ರ ಗಂಟೆ. ನಾವು ಹೊಸ್ತಿಲು ದಾಟುವುದರೊಳಗೆ ಕೂಗಿದಳು, "ಲೇ ಬೋರವ್ವಾ, ಹುಡುಗೀನ ಈ ಕಡಿ ಬೆಳಕಿಗೆ ಕುಂಡ್ರಸ."

"ಹೂಂ ಯವ್ವಾ" ಎಂದರು ಚಿದಾನಂದರ ತಾಯಿ, ಚಿಕ್ಕ ಹುಡುಗಿಯ ಹಾಗೆ.

ಊಟವಾದ ಮೇಲೆ ಗಂಡಸರು ಕಟ್ಟೆಯ ಮೇಲೆ ಕೂತರು. ಚಿದಾನಂದರ ತಾಯಿ ನನ್ನನ್ನು ಹೊಳೆಗೆ ಕರೆದುಕೊಂಡು ಹೋದರು. ಬೇಸಿಗೆಯಾದರೂ ಕೃಷ್ಣೆಯಲ್ಲಿ ನೀರಿತ್ತು. ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತೆವು. ನಾನೇ ಕೇಳಿದೆ.

"ನಿಮ್ಮ ಹೆಸರ ಬೋರವ್ವ ಏನ್ರಿ?"

"ಇತ್ತು. ಮದುವಿ ದಿನ ನಮ್ಮ ಅತ್ತಿ ದಾನಮ್ಮ ಅಂತ ಬರಸಿದ್ಲು. ನಾ ಅತ್ತೇನಿ ಅಂತ ತಿಳದಿ ಏನ? ಅಳಲಿಲ್ಲ. ಬೋರವ್ವ ಅಂದ್ರ ಎಮ್ಮಿ ಮೇಸಾಕಿ, ಸಾಲಿ ಬಿಟ್ಟಾಕಿ, ಅಣ್ಣನ ಕಡೆ ಹೊಡತಾ ತಿಂದಾಕಿ. ದಾನಮ್ಮ ಆದ ಮ್ಯಾಲ ನಾ ಮಂದ್ಯಾಗ ಬಂದೆ. ಅಂಗಡ್ಯಾಗ ಕುಂತೆ, ಗಿರಾಕಿ 'ದಾನಮ್ಮಾರೀ' ಅಂದ್ರು. ಅದಕ್ಕ ನಿನಗೂ ಹೊಸದು ಕೊಡೂಣು ಅಂದೆ. ಅದೂ ನೀನ ಆರಿಸ್ಲಿ ಅಂತ. ನನಗ್ಯಾರು ಆರಿಸಾಕ ಬಿಟ್ಟಿದ್ರು?"

ಕೆಟ್ಟದ್ದು ಮಾಡಲು ಹೊರಟವರಲ್ಲ ಎಂದು ಆಗ ತಿಳಿಯಿತು. ಆದರೂ ಹೇಳಿದೆ. ಹೆದರಿಕೆಯಾಗುತ್ತಿತ್ತು, ಹೇಳಿದೆ.

"ಅತ್ತಿ, ನನಗೂ ಈ ಹೆಸರ ಸೇರ‍್ತಿರಲಿಲ್ರಿ. ಬ್ಯಾರೇದು ಆರಿಸಿಯೂ ಇಟ್ಟಿದ್ದೆ. ಆದ್ರ ನಮ್ಮವ್ವಗ ಬ್ಯಾರೆ ಹೆಸರಿಲ್ರಿ. ಏಳ ವರ್ಷ ಅಕಿನ್ನ ಕಂಡ್ರ ಬಾಗಲಾ ಹಾಕ್ಕೊಂತಿದ್ರು. ಈಗ ದಾನಮ್ಮನವ್ವ ಅಂತ ಕರೀತಾರ. ನಾ ದಾನಮ್ಮ ಅಲ್ಲ ಅಂದ್ರ ಅಕಿ ಯಾರ ಅವ್ವರಿ? ನೀವು ಈ ಹೆಸರ ಸಿಕ್ಕು ಮಂದ್ಯಾಗ ಬಂದಂಗ ಅಕೀನೂ ಇದ ಹೆಸರಿಲೆ ಬಂದಾಳ್ರಿ."

ಅವರು ಕಾಲು ಮೇಲೆ ತೆಗೆದುಕೊಂಡು ಸೀರೆಯ ನೀರು ಹಿಂಡಿದರು. "ಬಿಸಲ ಇಳೀತು, ಏಳ" ಎಂದರು.

ಏಪ್ರಿಲ್ 30, ಬಸವ ಜಯಂತಿ

ಅವರೇ ಫೋನ್ ಮಾಡಿದರು. ಅಪ್ಪನಿಗೆ ಹೇಳಿದ್ದು ಇಷ್ಟೇ: "ಮದುವಿ ಆಗ್ಲಿ. ಹೆಸರಿಂದು ಅಕ್ಕಿ ಮುಂದ ನೋಡೂಣು."

ಅಂದರೆ ಏನು? ಅಪ್ಪನಿಗೆ ಗೊತ್ತಿಲ್ಲ, ಚಿದಾನಂದರಿಗೂ ಗೊತ್ತಿಲ್ಲ. "ಅವ್ವನ ಕೇಳಿದ್ರ ಉಣ್ಣು ಅಂತಾಳ" ಎನ್ನುತ್ತಾರೆ. ಮದುವೆ ಬೇಡ ಎನ್ನಲು ಅವ್ವನಿಗೂ ಈಗ ಎಡೆಯಿಲ್ಲ. "ಹೋಗ. ಅವರ ಏನರ ಬರಸ್ಲಿ, ನಾ ಕರಿಯೂದು ಕರಿಯೂದನ" ಎಂದಳು.

ಮೇ 10

ಅರಿಶಿನ. ಕೈ ಹಳದಿ, ಪೆನ್ನೂ ಹಳದಿ. ಅವ್ವ ಬೆಳಿಗ್ಗೆಯಿಂದ ಹತ್ತು ನೆಪ ಮಾಡಿ ನನ್ನ ಹೆಸರು ಹಿಡಿದು ಕರೆದಳು. ಹೋದರೆ, "ಏನಿಲ್ಲ, ಹೋಗ" ಎನ್ನುತ್ತಾಳೆ.

ಮೇ 12, ಮುಧೋಳ

ನಿನ್ನೆ ಸಂಜೆ ಮನೆ ತುಂಬಿಸಿಕೊಂಡರು. ಪರಾತದಲ್ಲಿ ಅಕ್ಕಿ ಹರಡಿ ನಮ್ಮ ಮುಂದೆ ಇಟ್ಟರು. ಸುತ್ತ ಹೆಂಗಸರು. ಚಿದಾನಂದ ಉಂಗುರ ಹಿಡಿದು ತಾಯಿಯ ಮುಖ ನೋಡಿದರು.

"ಏನ ಬರೀಲಿ?"

"ಹೆಂಡ್ತಿ ಹೆಸರ ಗೊತ್ತಿಲ್ಲೇನು ನಿನಗ?"

"ಗೊತ್ತೈತಿ..."

"ಹಂಗಾರ ಅದನ ಬರಿ."

ಹೆಂಗಸರು ಗುಜುಗುಜು ಎಂದರು. ಅವ್ವನ ಹೆಸರನ್ನು ಅಕ್ಕಿಯ ಮೇಲೆ ಬರೆಯುವ ಮಗನನ್ನು ಯಾರೂ ಕಂಡಿರಲಿಲ್ಲ. ಚಿದಾನಂದ ಬಗ್ಗಿ ದಾನಮ್ಮ ಎಂದೇ ಬರೆದರು. ಅತ್ತೆ ಸಕ್ಕರೆ ಹಂಚಿದರು. ನನಗೆ ಕೊಡುವಾಗಲೂ ನಗಲಿಲ್ಲ.

ಅವ್ವನಿಗೆ ಫೋನ್ ಮಾಡಿ ಹೇಳಿದೆ. "ಊಟಾ ಮಾಡಿದಿ?" ಎಂದಳು.

ಅಕ್ಕಿಯ ಮೇಲೆ ಬಂತು, ಬಾಯಿಗೆ ಬಂದಿಲ್ಲ. ಅತ್ತೆ "ಏ ಹುಡುಗಿ" ಎನ್ನುತ್ತಾರೆ. ಮಾವ "ತಂಗಿ". ಇವರು ಇನ್ನೂ "ಹಲೋ".

ಮೇ 16, ಬೆಳಿಗ್ಗೆ 7

ಇದನ್ನು ಈಗಲೇ ಬರೆಯಬೇಕು. ಒಲೆಯ ಮೇಲೆ ಹಾಲಿದೆ.

ಹಾಲು ಹಾಕುವ ಅಮಸಿದ್ದಪ್ಪ ದಿನಾ ಬಾಗಿಲಿಗೆ ಬಂದು ಅತ್ತೆಯ ಹೆಸರು ಹಿಡಿದು ಕೂಗುತ್ತಾನೆ. ಬಹಳ ವರ್ಷದ ರೂಢಿ. ಇವತ್ತೂ ಕೂಗಿದ: "ದಾನಮ್ಮಾರೀ, ಹಾಲು."

"ಬಂದೆ" ಎಂದರು ಅತ್ತೆ. "ಬಂದೆ" ಎಂದೆ ನಾನೂ, ಒಟ್ಟಿಗೇ. ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಅತ್ತೆ ರಾಜಗಿರಿ ಸೊಪ್ಪು ಸೋಸುತ್ತಿದ್ದರು, ಅರ್ಧ ಎದ್ದಿದ್ದರು. ನನ್ನನ್ನು ನೋಡಿದರು. ಮತ್ತೆ ಕೂತರು.

"ಹೋಗ. ನಿನ್ನ ಕರ‍್ಯಾಕತ್ತಾನ."

ಪಾತ್ರೆ ಹಿಡಿದು ಹೋದೆ. ಅಮಸಿದ್ದಪ್ಪ ನನ್ನ ಹಿಂದೆ ಇಣುಕಿದ. "ದಾನಮ್ಮಾರು ಎಲ್ಲೆ ಅದಾರವಾ?"

ಒಳಗಿನಿಂದ ಅತ್ತೆ ಹೇಳಿದರು, "ಅಕೀನ ದಾನಮ್ಮ. ನಾಳಿಂದ ಅಕಿ ಕಡೇನ ಕೊಡ."

"ಮತ್ತ ನಿಮಗೇನನ್ನೂದ್ರಿ?"

ಬೋರವ್ವ ಎಂದಾರು ಎಂದುಕೊಂಡೆ ನಾನು.

"ನಾ ಚಿದಾನಂದನವ್ವ" ಎಂದರು.

ಅಮಸಿದ್ದಪ್ಪ ಹೂಂ ಎಂದು ಹಾಲು ಹಾಕಿ ಹೋದ. ಅವನಿಗೇನು. ನಾನು ಒಳಗೆ ಬಂದೆ. ಏನಾದರೂ ಹೇಳಬೇಕಿತ್ತು, ಕಾಲು ಮುಟ್ಟಬೇಕಿತ್ತು, ಏನೂ ತೋಚದೆ ಹಾಲು ಒಲೆಗಿಟ್ಟು ಕೋಣೆಗೆ ಬಂದುಬಿಟ್ಟೆ. ಅವ್ವನಿಗೆ ಫೋನ್ ಮಾಡಬೇಕು. ಹೇಗೆ ಹೇಳಲಿ, ಎಲ್ಲಿಂದ ಶುರು —

ಅತ್ತೆ ಕರೆಯುತ್ತಿದ್ದಾರೆ. ಹಾಲು ಉಕ್ಕುತ್ತಿದೆಯಂತೆ. ಹುಡುಗಿ ಎನ್ನಲಿಲ್ಲ, ಹೆಸರು ಹಿಡಿದೇ